ಆಸ್ಪತ್ರೆ ಮುಂದೆ ನಿಲ್ಲದ ಏಳನೇ ನಂಬರ್ ಬಸ್ಸು

ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ ಸೀಟಿ ಊದಿದವಳನ್ನು ಊರು ಸೀಟಿಯಕ್ಕ ಎಂದಲ್ಲದೆ ಇನ್ನೇನೆಂದು ಕರೆದೀತು? ರೈಲ್ವೆ ಸ್ಟೇಷನ್ನಿನಿಂದ ಹೊರಟು ಮಾರ್ಕೆಟ್ಟು, ಕೋರ್ಟು, ಕಾಲೇಜು ದಾಟಿ ದೊಡ್ಡಾಸ್ಪತ್ರೆಯ ಗೇಟಿನೆದುರು ನಿಂತು, ಅಲ್ಲಿಂದ ಊರಿನ ಕೊನೆಯ ಮನೆಗಳವರೆಗೆ ಹೋಗುವ ಏಳನೇ ನಂಬರ್ ಬಸ್ಸಿನ ಕಂಡಕ್ಟರ್ ಅವಳು. ಯಾವ ವಾರ ಯಾವ ಕಾಯಿಲೆ ಹತ್ತುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಸೋಮವಾರ ಮೂಳೆ, ಮಂಗಳವಾರ ಕಣ್ಣು, ಗುರುವಾರ ಬಸುರಿಯರು. ಕೋಲು ಊರಿ ಬರುವವರನ್ನು ದೂರದಿಂದ ಕಂಡರೆ "ಹೋಲ್ಡಾನ್" ಎಂದು ಕೂಗಿ ಬಸ್ಸು ನಿಲ್ಲಿಸುತ್ತಿದ್ದಳು; ಓಡಿ ಬರುವ ಗಟ್ಟಿ ಆಳುಗಳನ್ನು ಕಂಡರೆ "ಓಡೋಕಾಗತ್ತೆ ಅಂದ್ಮೇಲೆ ನಡೆಯೋಕೂ ಆಗತ್ತೆ, ರೈಟ್ ರೈಟ್" ಎಂದು ಬಿಟ್ಟು ಹೋಗುತ್ತಿದ್ದಳು.

ಸ್ಟಿಯರಿಂಗ್ ಹಿಡಿಯುತ್ತಿದ್ದವನಿಗೆ ಡಿಪೋದಲ್ಲಿ ಮೌನಿ ಎಂದು ಹೆಸರು. ಬೆಳಗ್ಗೆ ಒಂದು ಮಾತು, ಸಂಜೆ ಒಂದು ಮಾತು. ನಡುವೆ ಬರೀ ಹಾರನ್ನು.

ಮನೆಯಲ್ಲಿ ಮೂವರು. ಗಂಡ ಸೋಫಾ, ಕುಷನ್ನು, ಪರದೆ ಹೊಲಿಯುವವನು. ಮುಂದಿನ ಕೋಣೆಯೇ ಅವನ ಅಂಗಡಿ. ಊಟದ ತಟ್ಟೆಯಲ್ಲೂ ಒಮ್ಮೊಮ್ಮೆ ಹತ್ತಿಯ ಎಳೆ ಸಿಗುತ್ತಿತ್ತು. ಮೂರನೆಯವಳು ಗಂಡನ ಅಕ್ಕ. ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ತಮ್ಮನ ಮನೆಗೆ ಬಂದು ಸೇರಿದ್ದಳು. ವಾರಕ್ಕೆ ಮೂರು ದಿನ ದೊಡ್ಡಾಸ್ಪತ್ರೆಯಲ್ಲಿ ಡಯಾಲಿಸಿಸ್. ಎಂಟೂ ಐದರ ಬಸ್ಸಿಗೆ ಹತ್ತಿ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು, ಗೇಟಿನ ಮುಂದೆ ಇಳಿದು, ಇಪ್ಪತ್ತು ಹೆಜ್ಜೆ ನಡೆದರೆ ಒಳಗೆ. ಮಂಡಿ ನೋವು, ಊದಿದ ಪಾದ, ಆದರೆ ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ. ತಮ್ಮನ ಹೆಂಡತಿಯೇ ಕೊಟ್ಟ ಟಿಕೆಟ್ಟನ್ನೂ ಬೆಳಕಿಗೆ ಹಿಡಿದು ನೋಡಿಯೇ ಚೀಲಕ್ಕೆ ಹಾಕುತ್ತಿದ್ದಳು.

ಒಂದು ಮಂಗಳವಾರ ಬೆಳಗ್ಗೆ ಡಿಪೋದ ಹಲಗೆಯ ಮೇಲೆ ಒಂದು ಹಾಳೆ ಅಂಟಿಸಿದ್ದರು. ಸಂಚಾರ ದಟ್ಟಣೆ ನಿವಾರಣೆಗಾಗಿ ದೊಡ್ಡಾಸ್ಪತ್ರೆ ನಿಲುಗಡೆಯನ್ನು ರದ್ದುಪಡಿಸಲಾಗಿದೆ, ಹೊಸ ನಿಲುಗಡೆ ವಾಣಿಜ್ಯ ಸಂಕೀರ್ಣದ ಮುಂಭಾಗ, ಇಂದಿನಿಂದಲೇ ಜಾರಿ.

ಸಂಕೀರ್ಣ ಎಂದರೆ ಎಲ್ಲರಿಗೂ ಗೊತ್ತಿದ್ದ ಟೈಲ್ಸ್ ಧಣಿಗಳ ಕಾಂಪ್ಲೆಕ್ಸು. ಊರಾಚೆ ಹೆಂಚಿನ ಫ್ಯಾಕ್ಟರಿಯಿಂದ ಶುರುಮಾಡಿ ಟೈಲ್ಸಿಗೆ ಬಂದು, ಈಗ ಗಾಜಿನ ನಾಲ್ಕು ಮಹಡಿ ಕಟ್ಟಿದ್ದರು. ಅಂಗಡಿಗಳು ಬಂದಿದ್ದವು, ಜನ ಬಂದಿರಲಿಲ್ಲ. ಆಸ್ಪತ್ರೆಗೂ ಅದಕ್ಕೂ ನಡುವೆ ಮುಕ್ಕಾಲು ಕಿಲೋಮೀಟರು, ಒಂದು ಏರು, ಎರಡು ಕಡೆ ರಸ್ತೆ ದಾಟುವುದು.

ಆ ದಿನ ಅವಳು ಗೇಟಿನ ಮುಂದೆ ಸೀಟಿ ಊದಲಿಲ್ಲ. ಬಸ್ಸು ನಿಲ್ಲದೆ ಮುಂದೆ ಹೋದಾಗ ಜನ ಮೊದಲು ಮೌನಿಯನ್ನು ಬೈದರು; ಅವನು ತಿರುಗಿಯೂ ನೋಡದ್ದರಿಂದ ಇವಳ ಕಡೆ ತಿರುಗಿದರು.

"ಕಣ್ಣಿಗೆ ಪಟ್ಟಿ ಕಟ್ಕೊಂಡಿರೋಳು ನಾನಾ, ನೀನಾ?" ಎಂದಳು ಒಬ್ಬ ಮುದುಕಿ, ಒಂದು ಕಣ್ಣಿನ ಬ್ಯಾಂಡೇಜು ಮುಟ್ಟಿಕೊಂಡು.

"ಆರ್ಡರ್ ಬಂದಿದೆ ಅಜ್ಜಿ. ನಂದೇನೂ ಇಲ್ಲ ಇದರಲ್ಲಿ."

"ನಿಂದೇನೂ ಇಲ್ಲ ಅಂದ್ರೆ ಸೀಟಿ ಯಾಕೆ ಕತ್ತಲ್ಲಿ ನೇತಾಕ್ಕೊಂಡಿದೀಯ? ಕೊಡು, ನಾನೇ ಊದ್ತೀನಿ."

ಬಸ್ಸೆಲ್ಲ ನಕ್ಕಿತು. ಅವಳಿಗೆ ನಗು ಬರಲಿಲ್ಲ. ಗಾಜಿನ ಕಟ್ಟಡದ ಮುಂದೆ ಇಳಿದ ಅತ್ತಿಗೆ ಏರನ್ನೊಮ್ಮೆ ನೋಡಿ, "ಇದನ್ನ ಹತ್ತೋ ಶಕ್ತಿ ಇದ್ದಿದ್ರೆ ನಾನ್ಯಾಕೆ ಆಸ್ಪತ್ರೆಗೆ ಬರ್ತಿದ್ದೆ?" ಎಂದಳು. ಬಸ್ಸು ಹೊರಟಿತು. ಕನ್ನಡಿಯಲ್ಲಿ ನೋಡಿದಾಗ ಅತ್ತಿಗೆ ಒಂದು ದೀಪದ ಕಂಬ ಹಿಡಿದು ನಿಂತಿದ್ದಳು. ಆಸ್ಪತ್ರೆ ಮುಟ್ಟುವುದರೊಳಗೆ ಅರ್ಧ ಗಂಟೆಯಾಗಿ, ಅವಳ ಸರದಿಯ ಹಾಸಿಗೆಯನ್ನು ಬೇರೆಯವರಿಗೆ ಕೊಟ್ಟಿದ್ದರು.

ಸಂಜೆ ಚೀಲ ಇಳಿಸದೆಯೇ ಡಿಪೋ ಮ್ಯಾನೇಜರನ ಕೋಣೆಗೆ ಹೋದಳು. ಅವನು ಕೆಟ್ಟವನಲ್ಲ, ಪೆನ್ಷನ್ನಿಗೆ ಮೂರು ವರ್ಷ ಬಾಕಿಯಿದ್ದವನು.

"ನನ್ನ ಕೈಲೇನಿದೆಯಮ್ಮ? ನಗರಸಭೆ ನಿರ್ಣಯ ಮಾಡ್ತು, ನಮಗೆ ಕಳಿಸ್ತು, ನಾನು ಅಂಟಿಸ್ದೆ. ಅಂಟು ಮಾತ್ರ ನಂದು."

"ಅಲ್ಲಿ ದಟ್ಟಣೆ ಎಲ್ಲಿದೆ ಸಾರ್? ಹದಿನೆಂಟು ವರ್ಷದಿಂದ ನೋಡ್ತಿದೀನಿ, ಎರಡು ಆಟೋ, ಒಂದು ಎಳನೀರು ಗಾಡಿ."

"ತಜ್ಞರ ವರದಿ ಇದೆ. ತಜ್ಞರಿಗಿಂತ ನಿನಗೆ ಜಾಸ್ತಿ ಗೊತ್ತಾ?"

ಗೊತ್ತು ಎಂದು ಹೇಳಬೇಕೆನಿಸಿತು. ವಾರದ ರಜೆಯ ದಿನ ನಗರಸಭೆಗೆ ಹೋಗಿ, ಮೂರು ಕಿಟಕಿ ಅಲೆದು ಆ ವರದಿಯ ಪ್ರತಿ ಪಡೆದಳು. ನಾಲ್ಕು ಪುಟ. ಕೊನೆಯಲ್ಲಿ ಮೂವರ ಸಹಿ. ಒಬ್ಬ ನಗರಸಭೆಯ ಎಂಜಿನಿಯರು, ಒಬ್ಬ ಪೊಲೀಸು. 'ನಾಗರಿಕರ ಪ್ರತಿನಿಧಿ' ಎಂದು ಸಹಿ ಹಾಕಿದ ಮೂರನೆಯವನನ್ನು ಅವಳು ಚೆನ್ನಾಗಿ ಬಲ್ಲಳು, ಕಾಂಪ್ಲೆಕ್ಸಿನ ಮ್ಯಾನೇಜರು. ಕಾರಿಲ್ಲದೆ ಮನೆಯಿಂದ ಹೊರಗೆ ಕಾಲಿಡದ ಮನುಷ್ಯ. ಒಂದು ದಿನವೂ ಬಸ್ಸು ಹತ್ತಿದವನಲ್ಲ.

ಆ ನಾಲ್ಕು ಪುಟ ಹಿಡಿದು ನಗರಸಭೆ ಅಧ್ಯಕ್ಷನ ಬಾಗಿಲಲ್ಲಿ ಕೂತಳು. ಹನ್ನೊಂದಕ್ಕೆ ಬರುತ್ತಾರೆ ಎಂದರು, ಹನ್ನೆರಡೂವರೆಗೆ ಬಂದ. ಅಧ್ಯಕ್ಷನೂ ಚಿಕ್ಕವನಿದ್ದಾಗ ಏಳನೇ ನಂಬರಿನ ಫುಟ್‌ಬೋರ್ಡಿನಲ್ಲಿ ಜೋತಾಡಿದವನೇ. ಆ ಸಲಿಗೆಯಿಂದಲೋ ಏನೋ, ಬಾಗಿಲು ಹಾಕಿಸಿ ನಿಜ ಹೇಳಿದ.

"ಸೀಟಿಯಕ್ಕ, ನಿನ್ನ ಹತ್ರ ಸುಳ್ಳು ಯಾಕೆ ಹೇಳ್ಲಿ? ಕಳೆದ ಚುನಾವಣೇಲಿ ಬ್ಯಾನರಿಂದ ಹಿಡಿದು ಜೀಪಿನ ಡೀಸೆಲ್‌ವರೆಗೂ ಧಣಿಗಳು ನೋಡ್ಕೊಂಡ್ರು. ಎಲ್ಲಾ ದೇಣಿಗೆ, ಎಲ್ಲಾ ರಸೀದಿ, ಕಾನೂನು ಪ್ರಕಾರ. ಒಂದು ಮಾತು ಕೇಳಿಲ್ಲ ಅವರು, ಆಣೆ. ಕಾಂಪ್ಲೆಕ್ಸ್ ಖಾಲಿ ಹೊಡೀತಿದೆ ಅಂತ ಒಂದ್ಸಲ ಊಟದಲ್ಲಿ ನೊಂದ್ಕೊಂಡ್ರು, ಅಷ್ಟೇ."

"ನಮ್ಮ ಅತ್ತಿಗೆ ದಿನಾ ನೊಂದ್ಕೋತಾಳೆ. ಅದಕ್ಕೊಂದು ಸ್ಟಾಪು ಬರಲ್ವಾ?"

ಅಧ್ಯಕ್ಷ ನಕ್ಕುಬಿಟ್ಟ, ಆಮೇಲೆ ಮುಖ ಸಣ್ಣದು ಮಾಡಿಕೊಂಡ. "ಉಪ್ಪು ತಿಂದಿದೀವಿ, ಅಕ್ಕ. ನೀನೇ ಹೋಗಿ ಧಣಿಗಳನ್ನ ಕೇಳು. ಅವರು ಬೇಡ ಅಂದ್ರೆ ನಾಳೆನೇ ಬದಲಾಯಿಸ್ತೀನಿ."

ಕೇಳಲು ಅವಕಾಶ ಸಿಕ್ಕಿದ್ದು ಗಂಡನಿಂದಲೇ. ಕಾಂಪ್ಲೆಕ್ಸಿನ ಮೇಲಿನ ಮಹಡಿಯ ಸಭಾಂಗಣಕ್ಕೆ ಅರವತ್ತು ಪರದೆ ಹೊಲಿಯುವ ಕೆಲಸ ಅವನಿಗೆ ಬಂದಿತ್ತು. ಇಷ್ಟು ದೊಡ್ಡ ಕೆಲಸ ಅವನ ಜೀವಮಾನದಲ್ಲೇ ಬಂದಿರಲಿಲ್ಲ. ಪರದೆ ಏರಿಸುವ ದಿನ ಹೆಂಡತಿ ತಾನೂ ಬರುತ್ತೇನೆಂದಾಗ ಅವನಿಗೆ ಅನುಮಾನ ಬಂತು.

"ಏಣಿ ಹಿಡ್ಕೊಳ್ಳೋಕೆ ಮಾತ್ರ ಬಾ. ಬಾಯಿ ಮನೇಲೇ ಬಿಟ್ಟು ಬಾ."

ಏಣಿ ಹಿಡಿದಿದ್ದಾಗಲೇ ಧಣಿಗಳು ಬಂದರು. ಬಿಳಿ ಅಂಗಿ, ಮೆತ್ತನೆಯ ಮಾತು. ಪರದೆಯ ಅಂಚನ್ನು ಬೆರಳಲ್ಲಿ ಸವರಿ "ಕೆಲಸ ಅಂದ್ರೆ ಇದು" ಎಂದು ಹೊಗಳಿದರು. ಗಂಡ ಏಣಿಯ ಮೇಲೇ ಅರ್ಧ ಬಗ್ಗಿದ. ಅವಳು ಏಣಿ ಬಿಡದೆಯೇ ವಿಷಯ ಎತ್ತಿದಳು. ಅತ್ತಿಗೆಯ ಡಯಾಲಿಸಿಸ್, ಕಣ್ಣಿನ ಅಜ್ಜಿ, ಏರು, ತುಂಬಿದ ಬಸುರಿಯೊಬ್ಬಳು ನಡುರಸ್ತೆಯಲ್ಲಿ ಕೂತುಬಿಟ್ಟದ್ದು.

ಧಣಿಗಳು ನಿಜಕ್ಕೂ ನೊಂದುಕೊಂಡರು. ನಾಟಕವಾಗಿದ್ದರೆ ಅವಳಿಗೆ ತಿಳಿಯುತ್ತಿತ್ತು. ಹುಷಾರಿಲ್ಲ ಎಂದು ನಟಿಸಿ ಸೀಟು ಕೇಳುವವರನ್ನು ದಿನವೂ ನೋಡುವವಳು.

"ನಾನು ಯಾರನ್ನೂ ಕೇಳಿಲ್ಲಮ್ಮ. ಸ್ಟಾಪ್ ಬದಲಾಗಿದ್ದು ನನಗೆ ಪೇಪರಲ್ಲಿ ನೋಡಿ ಗೊತ್ತಾಯ್ತು."

"ಗೊತ್ತು ಸಾರ್. ಅದಕ್ಕೇ, ಬೇಡ ಅಂತ ಒಂದು ಮಾತು ಹೇಳಿಬಿಡಿ. ಅಧ್ಯಕ್ಷರು ನಾಳೆನೇ ಬದಲಾಯಿಸ್ತಾರಂತೆ."

"ಛೆ ಛೆ," ಎಂದರು ಧಣಿಗಳು, ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದೆಗೆದು. "ನಗರಸಭೆ ಕೆಲಸದಲ್ಲಿ ನಾನು ತಲೆ ಹಾಕಲ್ಲ. ಅದು ತಪ್ಪಾಗತ್ತೆ."

ಅವಳಿಗೆ ಅಲ್ಲೇ ತಲೆ ಚಚ್ಚಿಕೊಳ್ಳುವಂತಾಯಿತು. ಆನೆ ನಡೆದದ್ದೇ ದಾರಿ ಎನ್ನುತ್ತಾರೆ. ಈ ಆನೆ ನಡೆಯುವ ಶ್ರಮವನ್ನೂ ತೆಗೆದುಕೊಂಡಿರಲಿಲ್ಲ. ಸುಮ್ಮನೆ ನಿಂತು ನಿಟ್ಟುಸಿರು ಬಿಟ್ಟಿತ್ತು, ಊರೇ ಸರಿದು ದಾರಿ ಬಿಟ್ಟಿತ್ತು. ಕೇಳಿದ್ದರೆ ಲಂಚ ಎನ್ನಬಹುದಿತ್ತು, ಹೆದರಿಸಿದ್ದರೆ ದೌರ್ಜನ್ಯ ಎನ್ನಬಹುದಿತ್ತು. ಇದಕ್ಕೆ ಏನೆಂದು ದೂರು ಬರೆಯುವುದು? ಯಾರ ಮೇಲೆ?

ಎರಡು ವಾರದ ಮೇಲೆ ಧಣಿಗಳಿಂದ ಒಂದು ಉಡುಗೊರೆ ಬಂತು. ಕಾಂಪ್ಲೆಕ್ಸಿನಿಂದ ಆಸ್ಪತ್ರೆಗೆ ರೋಗಿಗಳನ್ನು ಕರೆದೊಯ್ಯಲು ಬ್ಯಾಟರಿ ಗಾಡಿ. ನಾಲ್ಕೂ ಬದಿಗೆ ಅವರ ಹೆಸರು. ಪೇಪರಿನಲ್ಲಿ 'ರೋಗಿಗಳ ಪಾಲಿನ ದೇವರು' ಎಂದು ಫೋಟೋ. ಆರು ಸೀಟಿನ ಗಾಡಿ. ಏಳನೇ ನಂಬರಿನಿಂದ ಒಂದೇ ಸಲಕ್ಕೆ ಇಳಿಯುವವರು ಮೂವತ್ತು. ಮೂರನೇ ತಿಂಗಳಿಗೆ ಬ್ಯಾಟರಿ ಸತ್ತು, ಹೊಸದು ಯಾರು ಹಾಕಿಸಬೇಕೆಂದು ಆಸ್ಪತ್ರೆಗೂ ನಗರಸಭೆಗೂ ಪತ್ರವ್ಯವಹಾರ ಶುರುವಾಯಿತು. ಗಾಡಿ ಆಸ್ಪತ್ರೆಯ ಗೋಡೆಗೆ ಒರಗಿ ನಿಂತಿತು. ಅದರ ಸೀಟಿನ ಮೇಲೆ ಈಗ ಕಾವಲುಗಾರ ಮಧ್ಯಾಹ್ನದ ನಿದ್ದೆ ಮಾಡುತ್ತಾನೆ.

ಅವಳು ತನ್ನದೇ ದಾರಿ ಹಿಡಿದಳು. ಒಂದು ಬೆಳಗ್ಗೆ ಗೇಟು ಹತ್ತಿರ ಬರುತ್ತಿದ್ದಂತೆ ಉದ್ದಕ್ಕೆ ಸೀಟಿ ಊದಿದಳು. ಮೌನಿ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಬ್ರೇಕ್ ಹಾಕಿ, ಆ ದಿನದ ತನ್ನ ಪಾಲಿನ ಮಾತಾಡಿದ: "ಮೆಮೋ ಬಂದ್ರೆ ಇಬ್ರಿಗೂ ಬರ್ಲಿ."

ಇಬ್ಬರಿಗೂ ಬಂತು. ಅನಧಿಕೃತ ನಿಲುಗಡೆ, ವಿವರಣೆ ಕೊಡಿ. 'ಪ್ರಯಾಣಿಕರು ಇಳಿಯಬೇಕೆಂದರು, ಇಳಿಸಿದೆ' ಎಂದು ಬರೆದಳು. ಎರಡನೆಯ ಮೆಮೋ. ಮೂರನೆಯದಕ್ಕೆ, ಇನ್ನೊಮ್ಮೆ ನಿಲ್ಲಿಸಿದರೆ ಇಬ್ಬರನ್ನೂ ಬೇರೆ ಬೇರೆ ಡಿಪೋಗೆ ಹಾಕುತ್ತೇವೆ ಎಂದು ಸ್ಪಷ್ಟವಾಗಿಯೇ ಹೇಳಿದರು. ಮೌನಿಗೆ ಹಾಸಿಗೆ ಹಿಡಿದ ತಾಯಿ ಇದ್ದಳು. ಅವಳು ಸೀಟಿ ಊದುವುದನ್ನು ನಿಲ್ಲಿಸಿದಳು.

ಮನೆಯಲ್ಲೂ ಜಗಳ. ಗಂಡ ಹೊಲಿಗೆ ಯಂತ್ರದ ಮೇಲಿನಿಂದ ತಲೆ ಎತ್ತದೆ ಅಂದ, "ಕುಷನ್ ಕೆಲಸಾನೂ ನನಗೇ ಕೊಡ್ತಾರೆ ಅಂತಿದ್ರು. ನೀನು ಹೀಗೆ ಬೀದಿ ರಂಪ ಮಾಡಿದ್ರೆ ಕೊಡ್ತಾರಾ? ಅನ್ನಕ್ಕೆ ಕಲ್ಲು ಹಾಕ್ಬೇಡ."

"ನಿಮ್ಮಕ್ಕ ರೀ ಅವಳು. ನನ್ನಕ್ಕ ಅಲ್ಲ."

ಒಳಗಿನಿಂದ ಅತ್ತಿಗೆಯ ದನಿ ಬಂತು: "ನನ್ನ ಹೆಸರು ಹೇಳಿ ಇಬ್ರೂ ಜಗಳ ಆಡ್ಬೇಡಿ. ನಾನಿನ್ನೂ ಸತ್ತಿಲ್ಲ. ಸತ್ತ ಮೇಲೆ ಸ್ಟಾಪ್ ಬಂದ್ರೆ ಹೆಣಾನ ಬಸ್ಸಲ್ಲೇ ತಗೊಂಡ್ಹೋಗಿ."

ಅಷ್ಟರಲ್ಲಿ ಚುನಾವಣೆ ಬಂತು. ಅಧ್ಯಕ್ಷನ ಎದುರಾಳಿ ಒಬ್ಬ ವಕೀಲೆ, ಒಳ್ಳೆಯ ಮಾತುಗಾತಿ. ಆಸ್ಪತ್ರೆಯ ಗೇಟಿನಲ್ಲೇ ನಿಂತು ಮೈಕಿನಲ್ಲಿ, "ಈ ಸ್ಟಾಪನ್ನ ಒಬ್ಬ ಸಾಹುಕಾರನಿಗೆ ಅಡ ಇಟ್ಟಿದ್ದಾರೆ. ನಾವು ಗೆದ್ದ ಮೊದಲ ತಿಂಗಳಲ್ಲೇ ಬಿಡಿಸ್ತೀವಿ!" ಎಂದಳು. ಸೀಟಿಯಕ್ಕನಿಗೆ ಮೈ ಜುಮ್ಮೆಂದಿತು. ಬಸ್ಸಿನಲ್ಲಿ ಪ್ರಚಾರ ಮಾಡುವಂತಿಲ್ಲ. ಆದರೂ ಕಾಂಪ್ಲೆಕ್ಸಿನ ಮುಂದೆ ಜನ ಇಳಿಯುವಾಗಲೆಲ್ಲ "ಏರು ಹತ್ತುವಾಗ ಓಟು ಯಾರಿಗೆ ಅಂತ ಯೋಚನೆ ಮಾಡ್ಕೊಂಡು ಹತ್ತಿ" ಎಂದು ನಿಯಮ ಮೀರದಂತೆ ಹೇಳುತ್ತಿದ್ದಳು.

ವಕೀಲೆ ಗೆದ್ದಳು. ವಿಜಯೋತ್ಸವಕ್ಕೆ ಸೀಟಿಯಕ್ಕನಿಗೂ ಆಹ್ವಾನ ಬಂತು. ಸ್ಥಳ ನೋಡಿ ಅವಳು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು, ಅಚ್ಚಿನ ತಪ್ಪೇನೋ ಎಂದು. ಕಾಂಪ್ಲೆಕ್ಸಿನ ಮೇಲಿನ ಮಹಡಿ, ಸಭಾಂಗಣ. ಗಂಡ ಹೊಲಿದ ಅರವತ್ತು ಪರದೆಗಳ ನಡುವೆ, ಮುಂದಿನ ಸಾಲಿನಲ್ಲಿ ಧಣಿಗಳು ಮೆತ್ತಗೆ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ತಿಳಿದದ್ದು, ಅವರು ಎರಡೂ ಪಕ್ಷಕ್ಕೂ ದೇಣಿಗೆ ಕೊಟ್ಟಿದ್ದರು. ಪ್ರಜಾಪ್ರಭುತ್ವ ಬೆಳೆಯಬೇಕು ಎಂಬುದು ಅವರ ಆಸೆಯಂತೆ.

"ಮೇಡಂ, ಸ್ಟಾಪು?" ಎಂದಳು, ಹೊಸ ಅಧ್ಯಕ್ಷೆಯನ್ನು ಮೆಟ್ಟಿಲಲ್ಲಿ ಹಿಡಿದು.

"ಮರೆತಿಲ್ಲಮ್ಮ. ಆದ್ರೆ ಒಂದು ಸಲ ಆದ ನಿರ್ಣಯಾನ ಹಾಗೇ ತೆಗೆಯೋಕಾಗಲ್ಲ. ಮರುಪರಿಶೀಲನಾ ಸಮಿತಿ ಮಾಡ್ತಿದೀವಿ. ನಿಮ್ಮನ್ನೂ ಸದಸ್ಯರನ್ನಾಗಿ ಹಾಕ್ತೀವಿ."

ಸಮಿತಿ ನಾಲ್ಕು ಸಲ ಸೇರಿತು. ಮೊದಲ ಸಲ ಚಹಾ ಕುಡಿದು ಪರಿಚಯ ಮಾಡಿಕೊಂಡರು. ಎರಡನೇ ಸಲ ಎಂಜಿನಿಯರು ಬರಲಿಲ್ಲ. ಮೂರನೇ ಸಲ ಸ್ಥಳ ಪರಿಶೀಲನೆ: ಎಲ್ಲರೂ ಕಾರಿನಲ್ಲಿ ಏರು ಹತ್ತಿದರು, "ಏರು ಅಂಥದ್ದೇನಿಲ್ಲವಲ್ಲ" ಎಂದರು. ಸೀಟಿಯಕ್ಕ ಮಾತ್ರ ಇಳಿದು ನಡೆದುಕೊಂಡು ಬಂದು, ಅವರನ್ನು ಮೇಲೆ ಹತ್ತು ನಿಮಿಷ ಬಿಸಿಲಲ್ಲಿ ಕಾಯಿಸಿದಳು. ಅದೊಂದೇ ಅವಳಿಗೆ ಸಿಕ್ಕ ಸಮಾಧಾನ. ನಾಲ್ಕನೇ ಸಲ, ಅದೇ ಕಾಂಪ್ಲೆಕ್ಸಿನ ಮ್ಯಾನೇಜರು ಮತ್ತೆ ನಾಗರಿಕರ ಪ್ರತಿನಿಧಿಯಾಗಿ ಕೂತಿದ್ದಾಗ, ಹಾವೂ ಸಾಯದ ಕೋಲೂ ಮುರಿಯದ ತೀರ್ಮಾನವಾಯಿತು. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಬಸ್ಸು ಆಸ್ಪತ್ರೆಯ ಮುಂದೆ ನಿಲ್ಲಬಹುದು. ಆಮೇಲೆ ಎಂದಿನಂತೆ ಕಾಂಪ್ಲೆಕ್ಸು.

"ಹೋಗುವಾಗ ಹೆಂಗೋ ಹೋಗ್ತಾರೆ. ವಾಪಸ್ ಬರುವಾಗ ತಾನೆ ಕಾಲು ನಡುಗೋದು?" ಎಂದು ಅವಳು ಮೇಜು ಕುಟ್ಟಿದಳು. "ಡಯಾಲಿಸಿಸ್ ಮುಗಿಯೋದು ಒಂದೂವರೆಗೆ. ಆಗ ಯಾರಪ್ಪ ನಿಲ್ಲಿಸ್ತಾರೆ?"

"ಭಿನ್ನಾಭಿಪ್ರಾಯ ದಾಖಲಿಸ್ಕೊಳ್ಳಿ," ಎಂದು ಅಧ್ಯಕ್ಷೆ ಗುಮಾಸ್ತನಿಗೆ ಹೇಳಿದಳು. ಅವನು ಒಂದು ಸಾಲು ಬರೆದುಕೊಂಡ. ಎರಡು ವರ್ಷ ಗುಡ್ಡ ಅಗೆದು ಹಿಡಿದ ಇಲಿ ಇಷ್ಟು.

ಇಲಿಗೂ ಮೆರವಣಿಗೆ ಬೇಕಲ್ಲ. 'ಆಸ್ಪತ್ರೆ ನಿಲುಗಡೆ ಪುನರಾರಂಭ ಸಮಾರಂಭ' ಎಂದು ಬ್ಯಾನರು ಬಂತು. ಉದ್ಘಾಟನೆ ಟೈಲ್ಸ್ ಧಣಿಗಳಿಂದ. ಎಂಟೂವರೆಗೆ ಗೇಟಿನ ಎದುರು ಬಸ್ಸು ನಿಲ್ಲಿಸಿ, ಬಸ್ಸಿನ ಬಾಗಿಲಿಗೂ ಗೇಟಿಗೂ ನಡುವೆ ಎರಡು ಕಂಬ ನೆಟ್ಟು ಕೆಂಪು ಟೇಪು ಕಟ್ಟಿದರು. ಧಣಿಗಳು ಬಂದು ಕತ್ತರಿಸುವವರೆಗೆ ಯಾರೂ ಇಳಿಯಬಾರದು, ಮೊದಲ ಪ್ರಯಾಣಿಕರು ಇಳಿಯುವ ಫೋಟೋ ಬೇಕು ಎಂದು ಡಿಪೋ ಮ್ಯಾನೇಜರೇ ಬಂದು ಹೇಳಿ, ಅವಳ ಕೈಗೆ ಕತ್ತರಿಯಿಟ್ಟ ತಟ್ಟೆ ಕೊಟ್ಟ.

ಎಂಟೂಮುಕ್ಕಾಲಾಯಿತು. ಒಂಬತ್ತಾಯಿತು. ಬಸ್ಸಿನೊಳಗೆ ಬೆವರು, ಕೆಮ್ಮು. ಒಂದು ಕೂಸು ಅಳತೊಡಗಿತು. ಡ್ರೈವರಿನ ಹಿಂದಿನ ಸೀಟಿನಲ್ಲಿ ಅತ್ತಿಗೆ ಕಣ್ಣು ಮುಚ್ಚಿ ಕಂಬಿಗೆ ಹಣೆ ಆನಿಸಿದ್ದಳು. ಇಪ್ಪತ್ತು ಹೆಜ್ಜೆಯಾಚೆ ಅವಳ ಹಾಸಿಗೆ ಕಾಯುತ್ತಿತ್ತು, ಇಲ್ಲವೆ ಬೇರೆಯವರಿಗೆ ಹೋಗುತ್ತಿತ್ತು.

"ಎಷ್ಟೊತ್ತು ಸಾರ್?" ಎಂದಳು ಕಿಟಕಿಯಿಂದ.

"ಹೊರಟಿದಾರಂತೆ. ಐದೇ ನಿಮಿಷ."

ಒಂಬತ್ತು ಗಂಟೆ ಹತ್ತು ನಿಮಿಷಕ್ಕೂ ಐದೇ ನಿಮಿಷ ಎಂದರು. ಆಗ ಅವಳು ತಟ್ಟೆಯನ್ನು ಬಾನೆಟ್ಟಿನ ಮೇಲೆ ಇಟ್ಟು, ಇಪ್ಪತ್ತು ವರ್ಷದಲ್ಲಿ ಊದಿರದಷ್ಟು ಉದ್ದಕ್ಕೆ ಸೀಟಿ ಊದಿದಳು.

"ಆಸ್ಪತ್ರೆ! ಆಸ್ಪತ್ರೆ ಇಳಿಯೋರು ಇಳೀರಿ! ಟೇಪ್ ಕೆಳಗೆ ಬಗ್ಗಿ ಬನ್ನಿ, ತಲೆ ಜೋಪಾನ!"

ಡಿಪೋ ಮ್ಯಾನೇಜರು "ಏಯ್ ಏಯ್" ಎಂದು ಓಡಿ ಬಂದ. ಅಷ್ಟರಲ್ಲಿ ಜನ ಇಳಿಯತೊಡಗಿದ್ದರು. ಊರುಗೋಲಿನವನು ಕೋಲನ್ನು ಮೊದಲು ಆಚೆ ಎಸೆದು ಆಮೇಲೆ ತಾನು ನುಸುಳಿದ. ಬಗ್ಗಲಾರದ ಬಸುರಿಗೆ ಒಬ್ಬ ಟೇಪನ್ನು ಎತ್ತಿ ಹಿಡಿದ. ಫೋಟೋದವನು ಯಾವುದನ್ನು ತೆಗೆಯುವುದೆಂದು ತಿಳಿಯದೆ ಕ್ಯಾಮೆರಾ ಕೆಳಗಿಳಿಸಿದ. ಕೊನೆಗೆ ಅತ್ತಿಗೆ. ಮಂಡಿ ಮಡಿಸಲಾರಳು. ಮೌನಿ ತನ್ನ ಬಾಗಿಲಿನಿಂದ ಇಳಿದು ಬಂದು, ಎರಡೂ ಕೈಯಿಂದ ಟೇಪನ್ನು ಕಂಬದಿಂದ ಜಾರಿಸಿ ನೆಲಕ್ಕಿಳಿಸಿದ. ಅವಳು ದಾಟಿದ ಮೇಲೆ ಮತ್ತೆ ಮೇಲೆತ್ತಿ ಗಂಟು ಹಾಕಿದ.

ಧಣಿಗಳು ಒಂಬತ್ತೂ ಇಪ್ಪತ್ತೈದಕ್ಕೆ ಬಂದರು. ದಾರಿಯಲ್ಲಿ ದಟ್ಟಣೆಯಂತೆ. ಖಾಲಿ ಬಸ್ಸಿನ ಮುಂದೆ ಟೇಪು ಕತ್ತರಿಸಿದರು. ಮರುದಿನದ ಫೋಟೋದಲ್ಲಿ ಬಸ್ಸಿನಿಂದ ಇಳಿಯುತ್ತಿದ್ದ 'ಪ್ರಯಾಣಿಕರು' ಇಬ್ಬರೂ ನಗರಸಭೆಯ ಗುಮಾಸ್ತರು.

ಅವಳಿಗೆ ಮೆಮೋ ಬಂತು, ವಿಚಾರಣೆಯಾಯಿತು. 'ನಿಲುಗಡೆ ಅಧಿಕೃತ, ಸಮಯ ಎಂಟರಿಂದ ಹತ್ತರೊಳಗೆ, ಪ್ರಯಾಣಿಕರನ್ನು ಇಳಿಸಿದ್ದೇನೆ. ತಪ್ಪು ಯಾವುದೆಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ' ಎಂದು ಬರೆದುಕೊಟ್ಟಳು. ತಪ್ಪು ಯಾವುದೆಂದು ಬರೆಯಲು ಯಾರಿಗೂ ಆಗಲಿಲ್ಲ. ಎಚ್ಚರಿಕೆ ಎಂದು ಒಂದು ಸಾಲು ಬರೆದು ಕಡತ ಮುಚ್ಚಿದರು. ಗಂಡನಿಗೆ ಕುಷನ್ ಕೆಲಸ ಬರಲಿಲ್ಲ. ಯಾರೂ ಕಾರಣ ಹೇಳಲಿಲ್ಲ. ಧಣಿಗಳಂತೂ ಯಾರಿಗೂ ಏನೂ ಹೇಳಿರಲಾರರು.

ಒಂದು ವಾರ ಗಂಡ ಅವಳ ಮೇಲೆ ಸಿಡುಕುತ್ತಲೇ ಇದ್ದ. ಎಂಟನೆಯ ದಿನ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು, ಹಳೆಯ ಸ್ಕೂಟರಿನ ಹಿಂದಿನ ಸೀಟಿಗೆ ದಪ್ಪನೆಯ ಹೊಸ ಕುಷನ್ನು ಹೊಲಿದು ಕೂರಿಸಿ, ಒಂದೂವರೆಗೆ ಆಸ್ಪತ್ರೆಯ ಗೇಟಿಗೆ ಹೋಗಿ ನಿಂತ. ಅಂದಿನಿಂದ ವಾರಕ್ಕೆ ಮೂರು ದಿನ ಅಕ್ಕನನ್ನು ಅವನೇ ಕರೆತರುತ್ತಾನೆ, ಪ್ರತಿ ಸಲವೂ ಗೊಣಗುತ್ತಲೇ.

ಸ್ಕೂಟರ್ ಇರುವ ತಮ್ಮ ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ಸೀಟಿಯಕ್ಕ ಈಗ ಮಧ್ಯಾಹ್ನ ಒಂದರಿಂದ ಮೂರರವರೆಗಿನ ನಿಲುಗಡೆಗಾಗಿ ಸಹಿ ಸಂಗ್ರಹಿಸುತ್ತಿದ್ದಾಳೆ. ಟಿಕೆಟ್ ಹರಿದು ಕೊಡುತ್ತಲೇ ಪುಸ್ತಕ ಮುಂದೆ ಚಾಚುತ್ತಾಳೆ. ಮೊನ್ನೆ ಒಬ್ಬ ಹೊಸ ಪ್ರಯಾಣಿಕ, "ಇದರಿಂದ ಏನಾದ್ರೂ ಆಗತ್ತಾ?" ಎಂದು ಕೇಳಿದ.

"ಆಗಲ್ಲ. ಮೊದಲು ಸೈನ್ ಹಾಕಿ, ಹಿಂದೆ ಜಾಗ ಇದೆ, ಒಳಗೆ ನಡೀರಿ," ಎಂದಳು ಅವಳು.